ಎರೆ ಹೊಲದ ಬಿರುಕಿನಿಂದ ಎದ್ದ ಪ್ರಾಣಿ

ಜ್ವಾಲಾಮುಖಿಯ ಪ್ರಾಣಿ ಬರೀರಿ ಅಂದ್ರೆ ಮಕ್ಕಳೆಲ್ಲ ಒಂದು ಚೂಪು ಬೆಟ್ಟ, ಎರಡು ರೆಕ್ಕೆ, ಬಾಯಲ್ಲಿ ಬೆಂಕಿ ಬರೆಯುತ್ತಾರೆ. ನಾನು ಕಲಬುರಗಿ ಜಿಲ್ಲೆಯ ಆಳಂದದ ಕಡೆಯವಳು, ಮಕ್ಕಳ ಕಥೆಗಳಿಗೆ ಚಿತ್ರ ಬರೆಯುತ್ತೇನೆ. ಹೊಸ ಪ್ರಾಣಿ ಬೇಕಿದ್ದರೆ ಮೊದಲು ನಿಮ್ಮ ಕಾಲ ಕೆಳಗಿನ ಕಲ್ಲು ನೋಡಿ.

ನಮ್ಮ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ಬಹುಪಾಲು ಬೆಟ್ಟದ ತುದಿಯಿಂದ ಚಿಮ್ಮಿದ್ದಲ್ಲ. ನೆಲ ಉದ್ದಕ್ಕೆ ಸೀಳಿ, ಪದರದ ಮೇಲೆ ಪದರವಾಗಿ ಹರಡಿದ್ದು. ಆ ಕಲ್ಲೇ ಸವೆದು ಇವತ್ತು ತೊಗರಿ ಬೆಳೆಯುವ ಎರೆ ಮಣ್ಣು, ಅಂದ್ರೆ ಕಪ್ಪು ಮಣ್ಣಾಗಿದೆ. ಹಾಗಿದ್ದ ಮೇಲೆ ನಮ್ಮ ಪ್ರಾಣಿಗೆ ಬೆಟ್ಟ ಯಾಕೆ? ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುತ್ತಲ್ಲ, ಆ ಬಿರುಕೇ ಅದರ ಮನೆ. ನಾನು ಬರೆದ ಪ್ರಾಣಿಗೆ ಬಿರುಕವ್ವ ಅಂತ ಹೆಸರಿಟ್ಟೆ.

ರೆಕ್ಕೆ ಬೇಡ. ಗಿಡ್ಡ ಕಾಲು, ನೆಲಕ್ಕೆ ತಾಗುವ ಹೊಟ್ಟೆ, ಉಡದ ಹಾಗೆ ಅಗಲ ಮೈ ಸಾಕು. ಪೂರ್ತಿ ಜೀವ ಇರೋದು ಚರ್ಮದಲ್ಲಿ, ಅಲ್ಲಿ ಅವಸರ ಮಾಡಬೇಡಿ. ಲಾವಾದ ಮೇಲ್ಮೈ ಬೇಗ ತಣ್ಣಗಾಗಿ ಕಪ್ಪಾಗುತ್ತದೆ, ಒಳಗೆ ಮಾತ್ರ ಇನ್ನೂ ನಿಗಿನಿಗಿ. ಅದಕ್ಕೇ ಬಿರುಕವ್ವ ಸುಮ್ನೆ ಕೂತಾಗ ಬರೀ ಕರಿಬಂಡೆ. ಹೆಜ್ಜೆ ಇಟ್ಟಾಗ ಮೊಣಕಾಲು, ಕುತ್ತಿಗೆ, ಬಾಯಂಚು ಸೀಳಿ ಕೆಂಪು ಕಾಣುತ್ತದೆ. ಬಣ್ಣಕ್ಕೂ ಲೆಕ್ಕ ಇದೆ. 1,100 ಡಿಗ್ರಿ ದಾಟಿದ ಲಾವಾ ಹಳದಿ ಬೆರೆತ ಕಿತ್ತಳೆ, ಆರುತ್ತಾ ಬಂದಂತೆ ಮಂಕು ಕೆಂಪು. ಗಂಟಲಿಗೆ ಕಿತ್ತಳೆ ಹಾಕಿ, ಬಾಲದ ತುದಿಗೆ ಮಂಕು ಕೆಂಪು. ಎಲ್ಲಾ ಕಡೆ ಒಂದೇ ಕೆಂಪು ಬಳಿದರೆ ಮೈ ಸತ್ತುಹೋಗುತ್ತದೆ.

ಬಾವಿ ತೋಡಿದ ಕಲ್ಲು ಬದುವಿನ ಮೇಲೆ ಬಿದ್ದಿದ್ದರೆ ಒಂದನ್ನು ಕೈಗೆತ್ತಿಕೊಂಡು ನೋಡಿ. ಗಾಳಿಗುಳ್ಳೆ ಇದ್ದ ಜಾಗದಲ್ಲಿ ಸಣ್ಣ ಸಣ್ಣ ತೂತು, ಕೆಲವದರಲ್ಲಿ ಬಿಳಿ ಹರಳು. ಲಾವಾ ಗಟ್ಟಿಯಾದ ಮೇಲೆ ನೀರು ಇಳಿದು ಇಳಿದು ಆ ಹರಳು ಬೆಳೆದದ್ದು. ಬಿರುಕವ್ವನ ಹೆಗಲಿಗೂ ಇವನ್ನು ಕೂರಿಸಿದೆ. ವಯಸ್ಸಾದಷ್ಟೂ ಹರಳು ಜಾಸ್ತಿ. ಮರಿಯ ಮೈಯಲ್ಲಿ ಬರೀ ತೂತು.

ಜನಪದ ಸೇರಿಸೋದು ಅಂದ್ರೆ ಊರು ಪೂಜೆ ಮಾಡುವ ದೇವರಿಗೆ ಕೊಂಬು ಹಚ್ಚೋದಲ್ಲ. ಅದು ನನಗೆ ಸರಿ ಕಾಣೋದೂ ಇಲ್ಲ. ಜನ ಮತ್ತು ನೆಲದ ನಡುವಿನ ಕೊಡು-ಕೊಳ್ಳುವಿಕೆ ನೋಡಿ. ಎಳ್ಳ ಅಮಾವಾಸ್ಯೆಗೆ ನಾವು ಸಜ್ಜಿ ಕಡಬು, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಮೊದಲ ತುತ್ತು ಭೂತಾಯಿಗೆ. ನನ್ನ ಕಥೆಯಲ್ಲಿ ಆ ರಾತ್ರಿ ಬಿರುಕವ್ವ ಬದುವಿನ ಗುಂಟ ನಡೆದು ಉಳಿದ ಅಗುಳು ಹೆಕ್ಕುತ್ತಾಳೆ. ಉಂಡ ಹೊಲವನ್ನು ವರ್ಷವಿಡೀ ಕಾಯುತ್ತಾಳೆ.

ಒಂದು ಭಯವನ್ನೂ ಕೊಡಿ, ಅದೂ ನೆಲದಿಂದಲೇ ಬರಲಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿರುಕು ಮುಚ್ಚಿಹೋಗುತ್ತದೆ. ಮುಂಗಾರು ಹಿಡಿಯುವ ಮೊದಲು ಬಿರುಕವ್ವ ಒಳಗೆ ಸೇರಲೇಬೇಕು. ತಡವಾದರೆ ಮುಂದಿನ ಬೇಸಿಗೆಯವರೆಗೆ ಹೊರಗೇ. ಈ ಒಂದು ನಿಯಮದಿಂದ ಎಷ್ಟು ಕಥೆ ಹುಟ್ಟುತ್ತೆ ನೋಡಿ!

ಎತ್ತರ ಗೊತ್ತಾಗಲಿ ಅಂತ ಪಕ್ಕದಲ್ಲಿ ಒಂದು ತೊಗರಿ ಗಿಡ ಬರೆಯಿರಿ. ಕೊನೆಗೆ ಆಕಾರವನ್ನು ಪೂರ್ತಿ ಕಪ್ಪು ಮಾಡಿ ಯಾವುದಾದರೂ ಮಗುವಿಗೆ ತೋರಿಸಿ. ಮಗು ‘ಉಡ’ ಅಂತ ಹೇಳಿದರೆ ಬೆನ್ನಿನ ಗೆರೆ ಇನ್ನಷ್ಟು ಒರಟು ಮಾಡಿ, ಪದರ ಪದರವಾಗಿ ಕಾಣಲಿ. ಇದೇನಿದು ಅಂತ ಕೇಳಿದರೆ ಬಣ್ಣಕ್ಕೆ ಕೈ ಹಾಕಬಹುದು.