ಡಬ್ಬಿಯ ಕಾಳು ಮತ್ತು ನನ್ನ ಉಪ್ಪಿನ ಲೆಕ್ಕ

ನನ್ನ ರಕ್ತದೊತ್ತಡ ಏರಿರುವುದನ್ನು ಕಂಡ ವೈದ್ಯರು ಎರಡು ಮಾತು ಹೇಳಿದರು: ಉಪ್ಪು ಕಡಿಮೆ ಮಾಡಿ, ಕಾಳು ಹೆಚ್ಚು ತಿನ್ನಿ. ಕೇಳುವಾಗ ಎರಡೂ ಸುಲಭವೆನಿಸಿದವು. ಮನೆಗೆ ಬಂದು ಅಡುಗೆಮನೆಯ ಕಪಾಟು ತೆರೆದ ಮೇಲೆ ಒಂದು ಮಾತು ಇನ್ನೊಂದಕ್ಕೆ ಅಡ್ಡ ಬರುತ್ತಿರುವುದು ತಿಳಿಯಿತು. ಕೆಲಸ ಮುಗಿಸಿ ರಾತ್ರಿ ಎಂಟರ ಹೊತ್ತಿಗೆ ಮನೆ ಸೇರುವ ನಾನು ಅಲ್ಲಿಯವರೆಗೆ ತಿನ್ನುತ್ತಿದ್ದ ಕಡಲೆ, ರಾಜ್ಮಾಗಳಲ್ಲಿ ಬಹುಪಾಲು ಬೇಯಿಸಿ ಡಬ್ಬಿಯಲ್ಲಿ ತುಂಬಿದ್ದವೇ ಆಗಿದ್ದವು. ಆ ಡಬ್ಬಿಯ ಹಿಂಬದಿಯಲ್ಲಿ, ಓದಲು ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರಗಳಲ್ಲಿ, 100 ಗ್ರಾಂಗೆ 280 ಮಿಲಿಗ್ರಾಂ ಸೋಡಿಯಂ ಎಂದು ಮುದ್ರಿಸಿತ್ತು.

400 ಗ್ರಾಂ ಎಂದು ಬರೆದಿರುವ ಡಬ್ಬಿಯಲ್ಲಿ ನೀರು ಬಸಿದ ಮೇಲೆ ಉಳಿಯುವ ಕಾಳು ಸಾಮಾನ್ಯವಾಗಿ 240 ಗ್ರಾಂ ಆಸುಪಾಸು. ಅಂದರೆ ಒಂದು ಡಬ್ಬಿಯ ಕಾಳನ್ನು ಹಾಗೆಯೇ ತಿಂದರೆ ನನ್ನ ಹೊಟ್ಟೆಗೆ ಹೋಗುವ ಸೋಡಿಯಂ ಸುಮಾರು 670 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಎಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಡುಗೆಗೆ ನಾನು ಒಂದು ಚಿಟಿಕೆ ಉಪ್ಪನ್ನೂ ಹಾಕುವ ಮೊದಲೇ ದಿನದ ಮೂರನೇ ಒಂದು ಪಾಲು ಡಬ್ಬಿಯಲ್ಲೇ ಮುಗಿದಿರುತ್ತಿತ್ತು. ಡಬ್ಬಿಯನ್ನು ಬಿಟ್ಟುಬಿಡಬೇಕೇ, ಅಥವಾ ಅದನ್ನು ಬಳಸುವ ರೀತಿ ಬದಲಿಸಬೇಕೇ ಎಂಬ ಪ್ರಶ್ನೆ ಹೀಗೆ ಶುರುವಾಯಿತು. ಅದರ ಉತ್ತರಕ್ಕಾಗಿ ಸುಮಾರು ಒಂದು ವರ್ಷ ನಾನು ಡಬ್ಬಿಯ ಕಾಳು, ಮನೆಯಲ್ಲಿ ಬೇಯಿಸುವ ಒಣ ಕಾಳು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಬೇಯಿಸಿದ್ದೇನೆ, ತೂಗಿದ್ದೇನೆ, ತಿಂದಿದ್ದೇನೆ.

ಮೊದಲು ಕಲಿತದ್ದು ಬಸಿಯುವುದನ್ನು ಮತ್ತು ತೊಳೆಯುವುದನ್ನು. ಡಬ್ಬಿಯ ಮುಚ್ಚಳ ತೆಗೆದಾಗ ಕಾಳಿನ ಮೇಲೆ ನಿಂತಿರುವ ದ್ರವ ನೀರಿನಂತೆ ತೆಳ್ಳಗಿರುವುದಿಲ್ಲ. ಕಾಳಿನಿಂದ ಬಿಟ್ಟುಕೊಂಡ ಪಿಷ್ಟ, ಪ್ರೋಟೀನು ಮತ್ತು ಉಪ್ಪು ಸೇರಿ ಅದು ತೆಳು ಗಂಜಿಯಷ್ಟು ಮಂದವಾಗಿರುತ್ತದೆ, ಚಮಚಕ್ಕೆ ಅಂಟುತ್ತದೆ. ನಾನು ಡಬ್ಬಿಯನ್ನು ತೂತಿನ ಪಾತ್ರೆಗೆ ಬೋರಲು ಹಾಕಿ ಎರಡು ನಿಮಿಷ ಬಿಡುತ್ತೇನೆ. ಆಮೇಲೆ ನಲ್ಲಿಯ ಕೆಳಗೆ ಹಿಡಿದು ಕೈಯಿಂದ ಮೆಲ್ಲಗೆ ತಿರುವುತ್ತೇನೆ. ಮೊದಲು ಸೋಪಿನ ನೊರೆಯಂಥ ಬಿಳಿ ನೊರೆ ಏಳುತ್ತದೆ. ಅದು ಪೂರ್ತಿ ಹೋಗಿ, ಕೆಳಗೆ ಬೀಳುವ ನೀರು ತಿಳಿಯಾಗುವವರೆಗೆ ತೊಳೆದು, ಇನ್ನೆರಡು ನಿಮಿಷ ಬಸಿಯಲು ಬಿಡುತ್ತೇನೆ. ಇಷ್ಟು ಮಾಡಿದರೆ ಸೋಡಿಯಂ ಶೇಕಡಾ 40ರಷ್ಟು ಇಳಿಯುತ್ತದೆಂದು ಅಮೆರಿಕದಲ್ಲಿ ನಡೆದ ಅಳತೆಗಳು ತೋರಿಸಿವೆ, ಅದರಲ್ಲಿ ದೊಡ್ಡ ಪಾಲು ಬಸಿಯುವುದರಿಂದಲೇ ಸಿಗುತ್ತದೆ. ನನ್ನ ಲೆಕ್ಕದಲ್ಲಿ 670 ಇದ್ದದ್ದು 400ರ ಹತ್ತಿರಕ್ಕೆ ಬಂದಂತಾಯಿತು. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳೂ ನೀರಿನಲ್ಲಿ ಕರಗುವಂಥವು. ಅವುಗಳ ಒಂದಷ್ಟು ಪಾಲು ಆ ದ್ರವದ ಜೊತೆಗೇ ಹೊರಟುಹೋಗುವುದರಿಂದ ಡಬ್ಬಿಯ ಕಾಳು ನನಗೆ ಮೊದಲಿಗಿಂತ ಹಗುರವಾಗಿ ಅರಗತೊಡಗಿತು.

ಆದರೆ ತೊಳೆಯುವುದಕ್ಕೆ ಒಂದು ಬೆಲೆಯಿದೆ, ಅದನ್ನು ಮುಚ್ಚಿಡಲಾರೆ. ನೀರಿನಲ್ಲಿ ಕರಗುವ ಫೋಲೇಟ್‌ನಂಥ ಬಿ ಗುಂಪಿನ ಜೀವಸತ್ವಗಳು ಬೇಯುವಾಗಲೇ ಕಾಳಿನಿಂದ ದ್ರವಕ್ಕೆ ಇಳಿದಿರುತ್ತವೆ. ಉಪ್ಪನ್ನು ಚೆಲ್ಲುವಾಗ ಅವನ್ನೂ ಚೆಲ್ಲುತ್ತೇವೆ. ಮನೆಯಲ್ಲಿ ಉಪ್ಪಿಲ್ಲದೆ ಬೇಯಿಸಿದ ಕಾಳಿನ ಕಟ್ಟನ್ನು ನಾನು ಒಂದು ಹನಿಯೂ ಚೆಲ್ಲದೆ ಸೂಪಿಗೆ ಬಳಸುತ್ತೇನೆ. ಡಬ್ಬಿಗೂ ಮನೆಗೂ ಇರುವ ನಿಜವಾದ ಅಂತರವನ್ನು ನಾನು ಕಂಡದ್ದು ಇಲ್ಲಿ. ಕಾಳು ಹೆಚ್ಚುಕಡಿಮೆ ಒಂದೇ, ಅದು ಮುಳುಗಿರುವ ನೀರು ಬೇರೆ.

ಕಾಳು ಒಂದೇ ಎಂದು ಹೇಳಲು ಕಾರಣವಿದೆ. ಡಬ್ಬಿಯ ಕಾಳೆಂದರೆ ಯಾವುದೋ ರಾಸಾಯನಿಕದಲ್ಲಿ ನೆನೆಹಾಕಿದ್ದು ಎಂಬ ಭಾವನೆ ನನಗೂ ಇತ್ತು. ವಾಸ್ತವದಲ್ಲಿ ನೆನೆಸಿದ ಕಾಳನ್ನು ಸ್ವಲ್ಪ ಬೇಯಿಸಿ, ನೀರಿನೊಂದಿಗೆ ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿದ ಮೇಲೆ ಡಬ್ಬಿಯನ್ನೇ ಒತ್ತಡದ ಹಬೆಯಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ನಮ್ಮ ಪ್ರೆಷರ್ ಕುಕ್ಕರ್ ಪೂರ್ಣ ಒತ್ತಡದಲ್ಲಿ ಮುಟ್ಟುವ ಬಿಸಿಯೂ ಅಷ್ಟೇ. ಬಾಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಕಗಳು ಬರೀ ಕುದಿಯುವ ನೀರಿಗೆ ಸುಲಭವಾಗಿ ಸಾಯುವುದಿಲ್ಲವಾದ್ದರಿಂದ, ಹುಳಿಯಿಲ್ಲದ ಆಹಾರಕ್ಕೆ ಆ ಮಟ್ಟದ ಬಿಸಿ ಬೇಕೇಬೇಕು. ಕಾಳು ಕೆಡದಂತೆ ಕಾಯುವುದು ಈ ಬಿಸಿ ಮತ್ತು ಭದ್ರವಾದ ಮುಚ್ಚಳ. ಉಪ್ಪು ಇರುವುದು ರುಚಿ ಮತ್ತು ಹದಕ್ಕಾಗಿ. ಹಾಗಾಗಿಯೇ ಉಪ್ಪು ಸೇರಿಸದ ಡಬ್ಬಿಗಳನ್ನು ಮಾಡಲು ಸಾಧ್ಯವಾಗಿದೆ, ಅವು ಸಿಕ್ಕರೆ ನಾನು ಬೇರೆಯವನ್ನು ಮುಟ್ಟುವುದಿಲ್ಲ. ಕೆಲವು ಡಬ್ಬಿಗಳಲ್ಲಿ ಕಾಳು ಒಡೆಯದಿರಲು ಕ್ಯಾಲ್ಸಿಯಂ ಕ್ಲೋರೈಡನ್ನೂ ಬಣ್ಣ ಉಳಿಯಲು ಇಡಿಟಿಎ ಎಂಬ ವಸ್ತುವನ್ನೂ ಸೇರಿಸಿರುತ್ತಾರೆ. ಸಕ್ಕರೆ ಸೇರಿಸಿದ ಸಾಸಿನಲ್ಲಿ ಬೇಯಿಸಿದ ಕಾಳಿನ ಡಬ್ಬಿಗಳೂ ಇವೆ. ಅವನ್ನು ತೊಳೆದು ಉಪಯೋಗವಿಲ್ಲ, ಆದ್ದರಿಂದ ನಾನು ಅವನ್ನು ಕಾಳಿನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪ್ರೋಟೀನು ಮತ್ತು ನಾರಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಬೆಂದ ಕಡಲೆ 100 ಗ್ರಾಂಗೆ ಸುಮಾರು 8–9 ಗ್ರಾಂ ಪ್ರೋಟೀನು, 7 ಗ್ರಾಂ ಆಸುಪಾಸು ನಾರು ಕೊಡುತ್ತದೆ. ಡಬ್ಬಿಯದು ಇದಕ್ಕಿಂತ ಸ್ವಲ್ಪ ಕಡಿಮೆ ತೋರಿಸಬಹುದು, ಏಕೆಂದರೆ ಅದು ಹೆಚ್ಚು ನೀರು ಕುಡಿದಿರುತ್ತದೆ.

ಮನೆಯಲ್ಲಿ ಬೇಯಿಸುವುದನ್ನು ಅಭ್ಯಾಸ ಮಾಡಿಕೊಳ್ಳಲು ನನಗೆ ಡಬ್ಬಿಯನ್ನು ಅರ್ಥ ಮಾಡಿಕೊಳ್ಳುವುದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಮೊದಲ ತಿಂಗಳು ಕಡಲೆ ಒಮ್ಮೆಯೂ ಹದಕ್ಕೆ ಬರಲಿಲ್ಲ. ರಾತ್ರಿಯಿಡೀ ನೆನೆಸಿದರೂ, ಕುಕ್ಕರಿನಲ್ಲಿ ಮುಕ್ಕಾಲು ಗಂಟೆ ಇಟ್ಟರೂ, ಹಲ್ಲಿಗೆ ಸಿಕ್ಕಾಗ ನಡುವೆ ಸೀಮೆಸುಣ್ಣದಂಥ ಗಟ್ಟಿ ತಿರುಳು ಉಳಿದಿರುತ್ತಿತ್ತು. ಕಾರಣಗಳನ್ನು ಒಂದೊಂದಾಗಿ ಹುಡುಕಿದೆ. ನನ್ನ ಕಾಳು ಬಿಸಿಯಾದ ಕಪಾಟಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕುಳಿತಿತ್ತು. ಹೀಗೆ ಹಳತಾದ ಕಾಳು ಎಷ್ಟು ಬೇಯಿಸಿದರೂ ಮೆತ್ತಗಾಗದ ಸ್ಥಿತಿಗೆ ಹೋಗುತ್ತದೆ. ಜೊತೆಗೆ ನನ್ನ ನಲ್ಲಿಯ ನೀರು ಗಡಸು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾಳಿನ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತುವಿನ ಜೊತೆ ಸೇರಿ ಅದನ್ನು ಬಿಗಿಗೊಳಿಸುತ್ತವೆ. ಅದಕ್ಕೂ ಮೇಲಾಗಿ ನಾನು ಟೊಮೆಟೊವನ್ನು ಆರಂಭದಲ್ಲೇ ಹಾಕುತ್ತಿದ್ದೆ. ಹುಳಿ ಇದ್ದ ಕಡೆ ಕಾಳು ಬೇಗ ಮೆತ್ತಗಾಗದು. ಹೊಸ ಕಾಳು ತಂದು, ಶುದ್ಧೀಕರಿಸಿದ ಮೃದು ನೀರಿನಲ್ಲಿ ನೆನೆಸಿ, ಅಂಥದೇ ನೀರಿನಲ್ಲಿ ಬೇಯಿಸಿ, ಹುಳಿಯನ್ನು ಕೊನೆಗೆ ಹಾಕಿದ ದಿನ ಕಡಲೆ ಎರಡು ಬೆರಳಿನ ನಡುವೆ ಬೆಣ್ಣೆಯಂತೆ ಒತ್ತಿಹೋಯಿತು. ನೆನೆಸುವ ನೀರಿಗೆ ಉಪ್ಪು ಅಥವಾ ಅಡುಗೆ ಸೋಡಾ ಹಾಕಿದರೂ ಸಿಪ್ಪೆ ಮೆತ್ತಗಾಗುತ್ತದೆ, ಅದು ಒಳ್ಳೆಯ ಉಪಾಯವೇ. ಆದರೆ ಎರಡೂ ಸೋಡಿಯಂ ಆದ್ದರಿಂದ ನನ್ನಂಥವರಿಗೆ ಗಡಸು ನೀರು ಬಿಟ್ಟು ಮೃದು ನೀರು ಬಳಸುವುದೇ ಸರಿಯಾದ ದಾರಿ.

ರಾಜ್ಮಾದ ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ತಿನ ಸ್ಲೋ ಕುಕ್ಕರಿನಲ್ಲಿ ಬೆಳಿಗ್ಗೆ ರಾಜ್ಮಾ ಹಾಕಿಟ್ಟು ಹೋದರೆ ರಾತ್ರಿಗೆ ಊಟ ಸಿದ್ಧ ಎಂದು ಎಣಿಸಿ ಒಮ್ಮೆ ಹಾಗೆಯೇ ಮಾಡಿದೆ. ಕಾಳು ನೋಡಲು ಬೆಂದಂತೆಯೇ ಇತ್ತು, ಕಚ್ಚಿದಾಗ ಸ್ವಲ್ಪ ಬಿರುಸೆನಿಸಿತು, ಆದರೂ ತಿಂದೆ. ಎರಡು ಗಂಟೆಯೊಳಗೆ ಶುರುವಾದ ವಾಂತಿ ಮಧ್ಯರಾತ್ರಿಯವರೆಗೆ ನಿಲ್ಲಲಿಲ್ಲ. ಕೆಂಪು ರಾಜ್ಮಾದಲ್ಲಿ ಫೈಟೋಹೆಮಗ್ಲುಟಿನಿನ್ ಎಂಬ ಲೆಕ್ಟಿನ್, ಅಂದರೆ ಹೊಟ್ಟೆಗೆ ವಿಷವಾಗುವ ಒಂದು ಪ್ರೋಟೀನು, ಬಹಳ ಇರುತ್ತದೆ. ಹಸಿಯಾದ ನಾಲ್ಕೈದು ಕಾಳು ಸಾಕು ಹೊಟ್ಟೆ ಕೆಡಿಸಲು. ಕುದಿಯುವ ಬಿಸಿಗೆ ಅದು ನಾಶವಾಗುತ್ತದೆ, ಆದರೆ ಕುದಿಯದೆ ಸಣ್ಣ ಬಿಸಿಯಲ್ಲೇ ಉಳಿದ ಕಾಳು ಹಸಿ ಕಾಳಿಗಿಂತಲೂ ಹೆಚ್ಚು ಅಪಾಯಕಾರಿಯಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಚೆನ್ನಾಗಿ ಕುದಿಸಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಲಹೆ ಕೊಟ್ಟಿದೆ. ಆ ರಾತ್ರಿಯ ನಂತರ ನಾನು ರಾಜ್ಮಾವನ್ನು ಪ್ರೆಷರ್ ಕುಕ್ಕರ್ ಬಿಟ್ಟು ಬೇರೆ ಪಾತ್ರೆಯಲ್ಲಿ ಬೇಯಿಸಿಲ್ಲ. ಡಬ್ಬಿಯ ರಾಜ್ಮಾ ಈ ಬಿಸಿಯನ್ನು ದಾಟಿಯೇ ಬಂದಿರುವುದರಿಂದ ಅಡುಗೆಗೆ ಹೊಸಬರಾದವರಿಗೆ ನಾನು ಸಂಕೋಚವಿಲ್ಲದೆ ಅದನ್ನೇ ಸೂಚಿಸುತ್ತೇನೆ.

ಡಬ್ಬಿಯ ಅಪಾಯಗಳು ಬೇರೆ ಬಗೆಯವು. ಉಬ್ಬಿದ ಡಬ್ಬಿ, ಸೋರುವ ಡಬ್ಬಿ, ಅಂಚಿನ ಬೆಸುಗೆಯ ಮೇಲೆ ಆಳವಾಗಿ ನೆಗ್ಗಿದ ಡಬ್ಬಿ, ಇವನ್ನು ರುಚಿ ನೋಡುವುದಕ್ಕೂ ತೆರೆಯಬಾರದು; ಬಾಟುಲಿಸಂ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ತೆರೆದ ಮೇಲೆ ಉಳಿದದ್ದನ್ನು ಡಬ್ಬಿಯಲ್ಲೇ ಬಿಡದೆ ಗಾಜಿನ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸುತ್ತೇನೆ. ಡಬ್ಬಿಯ ಒಳಪದರದಲ್ಲಿದ್ದು ಆಹಾರಕ್ಕೆ ಇಳಿಯಬಹುದಾದ ಬಿಸ್ಫೆನಾಲ್ ಎ ಎಂಬ ರಾಸಾಯನಿಕ ನನ್ನನ್ನು ಹೆಚ್ಚು ಕಾಲ ಕಾಡಿದ ವಿಷಯ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಅದರ ಸುರಕ್ಷಿತ ಮಿತಿಯನ್ನು ಹಿಂದಿದ್ದುದಕ್ಕಿಂತ 20,000 ಪಟ್ಟು ಕೆಳಗಿಳಿಸಿತು, 2024ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಅದನ್ನು ನಿಷೇಧಿಸುವ ನಿಯಮವನ್ನು ಅಂಗೀಕರಿಸಿತು. ಎಲ್ಲ ಕಡೆಯೂ ಒಂದೇ ನಿಯಮ ಇಲ್ಲದಿರುವುದರಿಂದ ನಾನು ಆ ಪದಾರ್ಥ ಇಲ್ಲವೆಂದು ನಮೂದಿಸಿದ ಡಬ್ಬಿಯನ್ನೋ, ಗಾಜಿನ ಜಾಡಿಯಲ್ಲಿ ಬರುವ ಕಾಳನ್ನೋ ಆರಿಸುತ್ತೇನೆ. ಡಬ್ಬಿಯ ಕಾಳನ್ನು ಪ್ರತಿದಿನದ ರೂಢಿ ಮಾಡಿಕೊಳ್ಳದೆ ಇರಲು ನನಗೆ ಉಪ್ಪಿನ ನಂತರದ ಎರಡನೆಯ ಕಾರಣ ಇದು.

ಇನ್ನು ಸಮಯ. ಮನೆಯಲ್ಲಿ ಬೇಯಿಸಲು ಸಮಯವಿಲ್ಲ ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಲೆಕ್ಕ ಹಾಕಿ ನೋಡಿದಾಗ ನೆನೆಯಲು ಎಂಟು ಗಂಟೆ, ಬೇಯಲು ಅರ್ಧ ಗಂಟೆ ಬೇಕಾದರೂ ನನ್ನ ಕೈ ಕೆಲಸ ಮಾಡುವುದು ಹತ್ತು ನಿಮಿಷ ಮಾತ್ರ. ನನಗೆ ಕೊರತೆಯಾಗಿದ್ದುದು ಹಿಂದಿನ ರಾತ್ರಿಯ ನೆನಪು. ಆದ್ದರಿಂದ ಆ ನೆನಪನ್ನು ವಾರಕ್ಕೊಮ್ಮೆಗೆ ಇಳಿಸಿದೆ. ಶನಿವಾರ ರಾತ್ರಿ 500 ಗ್ರಾಂ ಕಾಳು ನೆನೆಹಾಕಿ ಭಾನುವಾರ ಬೆಳಿಗ್ಗೆ ಒಟ್ಟಿಗೆ ಬೇಯಿಸುತ್ತೇನೆ. ನನ್ನ ತಕ್ಕಡಿಯಲ್ಲಿ 100 ಗ್ರಾಂ ಒಣ ಕಡಲೆ ಬೆಂದ ಮೇಲೆ 235 ಗ್ರಾಂ ತೂಗುತ್ತದೆ, ಅಂದರೆ ಅಷ್ಟೂ ಕಾಳು ಸೇರಿ ಐದು ಡಬ್ಬಿಗೆ ಸಮ. ಆರಿದ ಮೇಲೆ ಕಾಳನ್ನು ಐದು ಪಾಲು ಮಾಡಿ, ಮುಳುಗುವಷ್ಟು ಅದರದೇ ಕಟ್ಟನ್ನು ಹಾಕಿ, ಮೇಲೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಫ್ರೀಜರಿನಲ್ಲಿ ಇಡುತ್ತೇನೆ. ಕಟ್ಟು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ. ಜಾಗ ಬಿಡದೆ ಎರಡು ಗಾಜಿನ ಪಾತ್ರೆ ಒಡೆದುಕೊಂಡ ಮೇಲೆ ಕಲಿತದ್ದಿದು. ಬೆಳಿಗ್ಗೆ ಒಂದು ಪಾಲನ್ನು ಫ್ರಿಜ್ಜಿಗೆ ಇಳಿಸಿ ಹೋದರೆ ರಾತ್ರಿಗೆ ಅದು ಡಬ್ಬಿಯಷ್ಟೇ ಸಿದ್ಧವಾಗಿರುತ್ತದೆ.

ಬೇಗ ಬೇಯುವ ಬೇಳೆಗಳಿಗೆ, ಮಸೂರದಂಥವಕ್ಕೆ, ಡಬ್ಬಿಯೂ ಬೇಡ, ಫ್ರೀಜರೂ ಬೇಡ. ಇಪ್ಪತ್ತು ನಿಮಿಷದಲ್ಲಿ ಅವು ನೆನೆಸದೆಯೂ ಬೇಯುತ್ತವೆ.

ಈಗಲೂ ಕಪಾಟಿನಲ್ಲಿ ಉಪ್ಪು ಸೇರಿಸದ ಕಡಲೆಯ ಎರಡು ಡಬ್ಬಿ, ರಾಜ್ಮಾದ ಒಂದು ಡಬ್ಬಿ ಇಟ್ಟಿರುತ್ತೇನೆ. ಪ್ರಯಾಣದಿಂದ ಮರಳಿದ ರಾತ್ರಿ, ಜ್ವರ ಬಂದ ದಿನ, ಭಾನುವಾರದ ಕೆಲಸ ತಪ್ಪಿದ ವಾರ ಅವು ಖಾಲಿಯಾಗುತ್ತವೆ. ಅಂಥ ದಿನಗಳಲ್ಲಿ ಡಬ್ಬಿ ಇರದಿದ್ದರೆ ನನ್ನ ತಟ್ಟೆಗೆ ಬರುತ್ತಿದ್ದುದು ಬ್ರೆಡ್ಡು ಅಥವಾ ಕರಿದ ತಿಂಡಿ. ತಿಂಗಳಿಗೆ ಎಷ್ಟು ಡಬ್ಬಿ ತೆರೆದೆ ಎಂಬುದನ್ನು ಕಪಾಟಿನ ಬಾಗಿಲಿನ ಒಳಗೆ ಅಂಟಿಸಿದ ಚೀಟಿಯಲ್ಲಿ ಗೀಟು ಹಾಕುತ್ತೇನೆ. ಮೊದಲು ಹದಿನೈದರ ಮೇಲಿರುತ್ತಿದ್ದ ಗೀಟುಗಳು ಕಳೆದ ತಿಂಗಳು ಮೂರಿದ್ದವು.