ಹಳೆ ಜಿಪ್ಸಿಯನ್ನು ದಿನದ ಓಡಾಟಕ್ಕೆ ಕೊಳ್ಳುವ ಮುಂಚೆ

ಮೇ ತಿಂಗಳು ಬಂತೆಂದರೆ ನನಗೆ ಒಂದೇ ತರದ ಫೋನು ಬರುತ್ತದೆ. "ಅಕ್ಕಾ, ಒಂದು ಹಳೆ ಜಿಪ್ಸಿ ಸಿಕ್ಕಿದೆ. ದಿನಾ ಓಡಿಸೋಕೆ ತಗೊಳ್ಳಲಾ?" ಜಿಪ್ಸಿ ಅಂದರೆ ಮಾರುತಿಯ ಫೋರ್ ವೀಲ್ ಗಾಡಿ, ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡಬಲ್ಲದು. ಸಕಲೇಶಪುರದ ಹಾನುಬಾಳು ಕಡೆ ನಮ್ಮದು ಸಣ್ಣ ಕಾಫಿ ತೋಟ. 2004ರ ಜಿಪ್ಸಿ ಕಿಂಗ್ ಒಂದನ್ನು 2020ರಲ್ಲಿ ಕೊಂಡೆ. ಅವತ್ತಿನಿಂದ ಪೇಟೆ, ಬ್ಯಾಂಕು, ಗೊಬ್ಬರದಂಗಡಿ, ಆಸ್ಪತ್ರೆ ಎಲ್ಲಕ್ಕೂ ಅದೇ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ನೋಡಲು ಹೋಗುವ ಮುಂಚೆ ಒಂದು ವಾರ ನಿಮ್ಮ ಓಡಾಟವನ್ನು ಬರೆದಿಡಿ. ಎಲ್ಲಿಗೆ, ಎಷ್ಟು ಕಿಲೋಮೀಟರ್, ಟಾರು ಎಷ್ಟು, ಮಣ್ಣು ಎಷ್ಟು, ಜೊತೆಗೆ ಯಾರು ಅಂತ. ನಮ್ಮ ಗೇಟಿನಿಂದ ಟಾರು ರಸ್ತೆಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಅಲ್ಲಿಂದ ಪೇಟೆಗೆ 16. ಹೋಗಿ ಬಂದರೆ 37 ಕಿಲೋಮೀಟರ್, ಅದರಲ್ಲಿ ಮಣ್ಣು ಬರೀ ಐದು. ಆದರೆ ಆ ಐದರಲ್ಲಿ ಒಂದು ಏರು ಇದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕಾರು ಹತ್ತುವುದೇ ಇಲ್ಲ. ಆ ಒಂದು ಏರಿಗಾಗಿ ಉಳಿದ ದಾರಿಯ ಸದ್ದು, ಕುಲುಕಾಟ ಎಲ್ಲ ಒಪ್ಪಿಕೊಂಡಿದ್ದೇನೆ. ನಿಮ್ಮ ಚೀಟಿಯಲ್ಲಿ ಅಂಥ ಏರು ಇಲ್ಲವೇ ಇಲ್ಲ, ವರ್ಷಕ್ಕೆರಡು ಸಲ ಬೆಟ್ಟಕ್ಕೆ ಹೋಗುತ್ತೀರಿ ಅಷ್ಟೇ ಅಂದರೆ ಬೇಡ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಪವರ್ ಸ್ಟೀರಿಂಗ್ ಇಲ್ಲದ, ಎಸಿ ಇಲ್ಲದ ಗಾಡಿಯನ್ನು ದಿನಕ್ಕೆ ಎರಡು ಗಂಟೆ ಓಡಿಸಿದರೆ ಮೂರೇ ತಿಂಗಳಲ್ಲಿ ಬೇಜಾರಾಗುತ್ತದೆ.

ಪೆಟ್ರೋಲ್ ಲೆಕ್ಕವನ್ನೂ ಅದೇ ಚೀಟಿಯಲ್ಲಿ ಹಾಕಿ. ನನ್ನ ಗಾಡಿ ಲೀಟರಿಗೆ ಹತ್ತು ಕೊಡುತ್ತದೆ, ಘಾಟಿಯಲ್ಲಿ ಅದೂ ಇಲ್ಲ. ತಿಂಗಳಿಗೆ 925 ಕಿಲೋಮೀಟರ್ ಅಂದರೆ 92 ಲೀಟರ್. ಟ್ಯಾಂಕ್ ಹಿಡಿಯುವುದು 40 ಲೀಟರ್.

ಇನ್ನು ಜೊತೆಗೆ ಯಾರು ಕೂರುತ್ತಾರೆ ಅನ್ನುವುದು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಜಿಪ್ಸಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ನನ್ನ ಗಾಡಿಯಲ್ಲಿ ಹಿಂದೆ ಇರುವುದು ಎದುರುಬದುರು ಬೆಂಚು, ಮೇಲೆ ಕ್ಯಾನ್ವಾಸ್ ಹುಡ್. ಮಗನನ್ನು ನಾನು ಹಿಂದೆ ಕೂರಿಸಿ ಟಾರು ರಸ್ತೆಗೆ ಹೋಗುವುದಿಲ್ಲ. ಟಾರು ಸೇರುವಲ್ಲಿ ಸ್ಕೂಲ್ ವ್ಯಾನ್ ಬರುತ್ತದೆ. ಅಲ್ಲಿಯವರೆಗೆ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರುತ್ತಾನೆ. ಅಮ್ಮನಿಗೆ ಮಂಡಿ ನೋವು. ಮೊದಲ ಸಲ ಹತ್ತುವಾಗ ಬಾಗಿಲಿನ ಕಂಬ ಹಿಡಿದು ಒಂದು ಕಾಲು ಎತ್ತಿ ಹಾಗೇ ನಿಂತುಬಿಟ್ಟರು. ಈಗ ಸೀಟಿನ ಹಿಂದೆ ಒಂದು ಮರದ ಮಣೆ ಇಟ್ಟಿದ್ದೇನೆ, ಅದರ ಮೇಲೆ ಕಾಲಿಟ್ಟು ಹತ್ತುತ್ತಾರೆ. ಅದಕ್ಕೆ ಟ್ರಯಲ್ ನೋಡುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ. ಮನೆಗೆ ಅದೊಂದೇ ಗಾಡಿ, ಚಿಕ್ಕ ಮಕ್ಕಳಿದ್ದಾರೆ ಅಂದರೆ ನನ್ನ ಉತ್ತರ ಬೇಡ ಅಂತಲೇ.

ಇಷ್ಟಾದ ಮೇಲೂ ಬೇಕು ಅನ್ನಿಸಿದರೆ ಗಾಡಿಯ ಹತ್ತಿರ ಹೋಗೋಣ. ಎಲ್ಲರೂ ಬಾನೆಟ್ ಎತ್ತುತ್ತಾರೆ. ನೀವು ಮೊದಲು ನೆಲಕ್ಕೆ ಗೋಣಿಚೀಲ ಹಾಸಿ ಅಡಿಗೆ ಹೋಗಿ. ಎಂಜಿನ್ ಕೆಟ್ಟರೆ ಮಾಡಿಸಬಹುದು. ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ತುಕ್ಕು ತಿಂದುಹೋಗಿದ್ದರೆ ಆ ಗಾಡಿ ಮುಗಿದ ಹಾಗೆ.

ಇದನ್ನು ನಾನು ಕಲಿತದ್ದು ಬೇರೆ ಗಾಡಿಯಿಂದ. ಜಿಪ್ಸಿಗೂ ಮುಂಚೆ ಮಹೀಂದ್ರಾದ ಒಂದು ಎಂಎಂ 540 ಜೀಪು ನೋಡಿದ್ದೆ, ಪ್ಯೂಜೋ ಡೀಸೆಲ್ ಎಂಜಿನ್ನಿನದು. ಎಂಜಿನ್ ಸದ್ದು ಕೇಳಿದರೆ ಮನಸ್ಸು ತುಂಬುತ್ತಿತ್ತು. ಅಡಿಯೆಲ್ಲ ಹೊಸದಾಗಿ ಕಪ್ಪು ಪೇಂಟ್ ಹೊಡೆದಿದ್ದರು. ಅಡ್ವಾನ್ಸ್ ಹತ್ತು ಸಾವಿರ ಕೊಟ್ಟೂ ಆಗಿತ್ತು. ನನ್ನ ಜೊತೆ ಬಂದಿದ್ದ ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ಮುಂದಿನಿಂದ ಹಿಂದಕ್ಕೆ ಬಡಿಯುತ್ತಾ ಹೋದರು. ಟಣ್, ಟಣ್, ಟಣ್. ಹಿಂದಿನ ಸ್ಪ್ರಿಂಗ್ ಪಟ್ಟಿ ಚಾಸಿಗೆ ಸೇರುವಲ್ಲಿ ದಪ್ ಅಂತು. ಸ್ಕ್ರೂಡ್ರೈವರ್ ತಿರುಗಿಸಿ ಚೂಪು ತುದಿ ಒತ್ತಿದರು. ಒಣಗಿದ ರೊಟ್ಟಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಒಳಗಿನಿಂದ ಕೆಂಪು ಪುಡಿ ಉದುರಿತು. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಹಾಗಾಗಿ ಬಡಿದು ನೋಡಿ. ಸ್ಪ್ರಿಂಗ್ ಪಟ್ಟಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಜಾಗ, ಬಾಡಿ ಕೂರುವ ರಬ್ಬರ್ ಮೌಂಟುಗಳ ಸುತ್ತ, ಚಾಸಿಯ ಹಿಂದಿನ ಅಡ್ಡಪಟ್ಟಿ (ಕ್ರಾಸ್ ಮೆಂಬರ್), ಕೆಸರು ಸೇರಿಕೊಳ್ಳುವ ಮೂಲೆಗಳು. ಮ್ಯಾಟ್ ಎತ್ತಿ ಫ್ಲೋರ್ ನೋಡಿ. ತೋಟದ ಗಾಡಿಯಾದರೆ ಹಿಂದಿನ ಫ್ಲೋರನ್ನು ಬೆರಳಿನಿಂದ ಒತ್ತಿ ನೋಡಿ, ಯಾಕೆಂದರೆ ಪೊಟ್ಯಾಷ್, ಯೂರಿಯಾ ಮೂಟೆ ಹೊತ್ತ ಜಾಗ ಮಳೆಗಿಂತ ಜೋರಾಗಿ ತುಕ್ಕು ಹಿಡಿಯುತ್ತದೆ. ಪೊಟ್ಯಾಷ್ ಅಂದರೂ ಅದು ಉಪ್ಪೇ ಅಲ್ವಾ. ಮಂಗಳೂರು, ಕಾರವಾರದಂಥ ಕಡಲ ಬದಿಯ ಗಾಡಿಯಾದರೆ ಇನ್ನೂ ಹುಷಾರು. ಚಿತ್ರದುರ್ಗದ ಕಡೆಯ ಗಾಡಿ ಬಿಸಿಲಲ್ಲಿ ಬಣ್ಣ ಕಳೆದುಕೊಂಡಿರಬಹುದು, ಆದರೆ ಕಬ್ಬಿಣ ಗಟ್ಟಿ ಇರುತ್ತದೆ. ನಾನು ಅಂಥದ್ದನ್ನೇ ಆರಿಸುತ್ತೇನೆ.

ಎಂಜಿನ್ ವಿಷಯ ಚಿಕ್ಕದು. ಬೆಳಿಗ್ಗೆ ಹೋಗಿ, ಹೋದ ಕೂಡಲೇ ಬಾನೆಟ್ ಮುಟ್ಟಿ. ಬಿಸಿ ಇದ್ದರೆ ಬೇರೆ ದಿನ ಬರುತ್ತೇನೆ ಅನ್ನಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. 1985ರಲ್ಲಿ ಬಂದ ಮೊದಲ ಜಿಪ್ಸಿಗಳಲ್ಲಿ 970 ಸಿಸಿ ಎಂಜಿನ್ ಇತ್ತು. 1996ರ ಜಿಪ್ಸಿ ಕಿಂಗ್‌ನಲ್ಲಿ 1298 ಸಿಸಿ, ಅದೂ ಕಾರ್ಬ್ಯುರೇಟರ್. 2000ದಿಂದ ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಅಳತೆ ಮಾಡಿ ಚಿಮ್ಮಿಸುವ ವ್ಯವಸ್ಥೆ. ದಿನದ ಓಡಾಟಕ್ಕಾದರೆ ಎಂಪಿಎಫ್‌ಐ ಬಿಟ್ಟು ಬೇರೆ ನೋಡಬೇಡಿ. ಚಳಿಗೆ ಬೆಳಿಗ್ಗೆ ಚೋಕ್ ಎಳೆದು ಒದ್ದಾಡುವುದು ತಪ್ಪುತ್ತದೆ. ಎಸ್ಟೀಮ್ ಕಾರಿನದ್ದೂ ಇದೇ ಕುಟುಂಬದ ಎಂಜಿನ್, ಆದ್ದರಿಂದ ಎಸ್ಟೀಮ್ ಕೆಲಸ ಮಾಡಿದ ಹಳೆ ಮೆಕ್ಯಾನಿಕ್ಕಿಗೆ ಇದು ಹೊಸದಲ್ಲ. ಅಂಥವರು ನಿಮ್ಮ ಊರಿನಿಂದ ಎಷ್ಟು ದೂರ ಇದ್ದಾರೆ ಅಂತ ಮೊದಲೇ ತಿಳಿದುಕೊಳ್ಳಿ. ನನಗೆ 16 ಕಿಲೋಮೀಟರ್. ಅದು 60 ಆಗಿದ್ದರೆ ನಾನು ಕೊಳ್ಳುತ್ತಿರಲಿಲ್ಲ.

ಓಡಿಸುವಾಗ 60 ದಾಟಿಸಿ ನೋಡಿ. ಸ್ಟೀರಿಂಗ್ ಗಡಗಡ ನಡುಗಿದರೆ ಕಿಂಗ್‌ಪಿನ್ ಬೇರಿಂಗ್, ಅಂದರೆ ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತಿರುಗುವ ಕೀಲಿನ ಬೇರಿಂಗ್, ಸವೆದಿರಬಹುದು. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಕೈಗೆ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರು ತಾನಾಗೇ ನ್ಯೂಟ್ರಲ್ಲಿಗೆ ಬೀಳುತ್ತದಾ ನೋಡಿ.

ಫೋರ್ ವೀಲ್ ಕೆಲಸ ಮಾಡುತ್ತದಾ ಅನ್ನುವುದನ್ನು ಟಾರು ರಸ್ತೆಯಲ್ಲಿ ನೋಡಬೇಡಿ. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಜಿಪ್ಸಿಯಲ್ಲಿ ಇಲ್ಲ. ಒಣ ಟಾರಿನಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಮುಂದಿನ, ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡು ಗೇರುಗಳಿಗೆ ಏಟು ಬೀಳುತ್ತದೆ. ಸಡಿಲ ಮಣ್ಣಿಗೆ ಹೋಗಿ. ಮುಂದಿನ ಚಕ್ರದ ಮಧ್ಯೆ ಕೈಯಲ್ಲಿ ತಿರುಗಿಸುವ ಹಬ್ ಇದ್ದರೆ ಎರಡನ್ನೂ ಲಾಕ್ ಮಾಡಿ. ಆಮೇಲೆ ಫೋರ್ ವೀಲ್ ಲಿವರನ್ನು ಹೈಗೆ (ಮಾಮೂಲು ವೇಗ) ಹಾಕಿ ನೋಡಿ, ಗಾಡಿ ನಿಲ್ಲಿಸಿ ಲೋಗೆ (ನಿಧಾನ, ಹೆಚ್ಚು ಬಲ) ಹಾಕಿ. ಲೋ ಹಾಕಿ ಮೊದಲ ಗೇರಿನಲ್ಲಿ ಒಂದು ಸಣ್ಣ ಏರು ಹತ್ತಿಸಿ. ಮುಂದಿನ ಚಕ್ರ ಮಣ್ಣು ಕೆದರುವುದು ಕಣ್ಣಿಗೆ ಕಾಣಬೇಕು. ಫೋರ್ ವೀಲ್ ಅಂತ ಮಾರುವ ಕೆಲವು ಗಾಡಿಗಳಲ್ಲಿ ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಜಾಯಿಂಟ್ ಶಾಫ್ಟನ್ನೇ ಬಿಚ್ಚಿ ತೆಗೆದಿರುತ್ತಾರೆ. ಅಡಿಗೆ ಹೋದಾಗಲೇ ಅದನ್ನೂ ನೋಡಿಬಿಡಿ.

ಕಾಗದದಲ್ಲಿ ಮುಖ್ಯ ಎಂದರೆ ಆರ್‌ಸಿಯ ತಾರೀಖು. ಸ್ವಂತ ಗಾಡಿಗೆ ಮೊದಲ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. 2022ರ ಏಪ್ರಿಲ್‌ನಿಂದ ಕಾರಿನ ರಿನ್ಯೂವಲ್ ಫೀಸು 5,000 ರೂಪಾಯಿ ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ಗ್ರೀನ್ ಟ್ಯಾಕ್ಸ್ ಬೇರೆ. ರಿನ್ಯೂವಲ್ ಹತ್ತಿರ ಇದ್ದರೆ ಮಾರುವವರ ಕೈಯಲ್ಲೇ ಮಾಡಿಸಿ, ಆಮೇಲೆ ದುಡ್ಡು ಕೊಡಿ. ಚಾಸಿ ನಂಬರನ್ನು ಗಾಡಿಯ ಮೇಲೇ ಓದಿ ಆರ್‌ಸಿಗೆ ಹೊಂದಿಸಿ. ಡೀಸೆಲ್ ಎಂಜಿನ್ ಕೂರಿಸಿದ ಜಿಪ್ಸಿ ಸಿಕ್ಕರೆ, ಅದು ಆರ್‌ಸಿಯಲ್ಲಿ ಇಲ್ಲ ಅಂದರೆ, ಎಷ್ಟು ಚೆನ್ನಾಗಿದ್ದರೂ ಬಿಟ್ಟುಬಿಡಿ. ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್ ನಿಮ್ಮ ಕೈ ಬಿಡಬಹುದು. ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿ ಜೊತೆಗೆ ಇಲ್ಲಿನ ಲೈಫ್ ಟ್ಯಾಕ್ಸನ್ನೂ ಬೆಲೆಗೆ ಸೇರಿಸಿಕೊಳ್ಳಿ.

ದುಡ್ಡಿನ ಬಗ್ಗೆ ನನ್ನದೇ ಲೆಕ್ಕ ಹೇಳುತ್ತೇನೆ. ಗಾಡಿಗೆ ಕೊಟ್ಟಿದ್ದು 1,95,000. ಮೊದಲ ವರ್ಷ ರಿಪೇರಿಗೆ ಹೋಗಿದ್ದು 62,000. ಕ್ಲಚ್, ನಾಲ್ಕು ಟೈರು, ಟೈಮಿಂಗ್ ಬೆಲ್ಟ್, ಹುಡ್, ಬ್ರೇಕ್ ಪೈಪು. ಕೈಯಲ್ಲಿ ಎರಡು ಲಕ್ಷ ಇದ್ದರೆ ಒಂದೂವರೆ ಲಕ್ಷದ ಗಾಡಿ ನೋಡಿ. ಪೆಟ್ರೋಲಿನ ರಬ್ಬರ್ ಪೈಪುಗಳನ್ನು ಬಂದ ವಾರವೇ ಬದಲಿಸಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. ಹಳೆ ರಬ್ಬರ್ ಅದಕ್ಕೆ ತಡೆಯುವುದಿಲ್ಲ, ಬಿರುಕು ಬಿಡುತ್ತದೆ.

ಅದೇ ವಾರ ಐದೂ ಆಯಿಲ್ ಬದಲಿಸಿ. ಎಂಜಿನ್, ಗೇರ್‌ಬಾಕ್ಸ್, ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ನೀವೇ ಪಕ್ಕದಲ್ಲಿ ನಿಂತು ನೋಡಿ. ನನ್ನ ಗಾಡಿಯ ಮುಂದಿನ ಡಿಫರೆನ್ಷಿಯಲ್ ಪ್ಲಗ್ ಬಿಚ್ಚಿದಾಗ ಕಾಫಿಗೆ ಹಾಲು ಜಾಸ್ತಿಯಾದ ಬಣ್ಣದ ಆಯಿಲ್ ಬಂತು. ಹಳ್ಳದಲ್ಲಿ ಇಳಿಸಿದಾಗ ನೀರು ಒಳಗೆ ಹೋಗಿ ಎಷ್ಟೋ ದಿನ ಹಾಗೇ ಇತ್ತು. ಸೀಲ್ ಹಾಕಿಸಿ, ಹೊಸ ಆಯಿಲ್ ತುಂಬಿಸಿ, ಸಾವಿರ ಕಿಲೋಮೀಟರ್ ಆದ ಮೇಲೆ ಇನ್ನೊಂದು ಸಲ ಬದಲಿಸಿದೆವು. ಆ ಸಲ ಪ್ಲಗ್ ಬಿಚ್ಚಿದಾಗ ಆಯಿಲ್ ಜೇನಿನ ಬಣ್ಣದಲ್ಲಿ ಇಳಿಯಿತು.