ಮುಕ್ಕಾಲು ಲೀಟರ್ ನೀರು

ಬೆಳಿಗ್ಗೆ ಎದ್ದ ಕೂಡಲೇ ನನ್ನ ಹೆಂಡತಿ ಒಂದು ಬಾಟಲಿಗೆ ನೀರು ಅಳೆದು ಹಾಕುತ್ತಾಳೆ. 750 ಎಂಎಲ್. ಅದು ನನ್ನ ಇಡೀ ದಿನದ ಪಾಲು. ಚಹಾ ಕುಡಿದರೆ ಅಷ್ಟು ನೀರು ಬಾಟಲಿಯಿಂದ ವಾಪಸ್ ಹೋಗುತ್ತದೆ. ಬೇಳೆ ಸಾರು ಉಂಡರೆ ಅದಕ್ಕೂ ಲೆಕ್ಕ. ಮಾತ್ರೆ ನುಂಗುವ ನೀರೂ ಅದರೊಳಗೇ ಬರಬೇಕು. ಹಾಗಾಗಿ ನಾನು ಬಾಟಲಿಗೆ ಬಾಯಿ ಹಚ್ಚುವುದಿಲ್ಲ. ಮುಚ್ಚಳಕ್ಕೆ ಹಾಕಿಕೊಂಡು ಕುಡಿಯುತ್ತೇನೆ. ಒಂದು ಮುಚ್ಚಳ ನೀರನ್ನು ನಾಲಿಗೆ ಮೇಲೆ ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅಂತ ನೀವು ಯಾವತ್ತೂ ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ.

ನಾನು ಬೀದರಿನಲ್ಲಿ ಟೇಲರ್. ಶುಗರ್, ಬಿಪಿ ಎರಡೂ ಇದ್ದವು, ಎರಡನ್ನೂ ಅಸಡ್ಡೆ ಮಾಡಿದೆ, ಕಿಡ್ನಿ ಹೋದವು. ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ; ಅದನ್ನು ತೆಗೆದು ರಕ್ತ ತೊಳೆಯಲು ಮಷಿನ್ ಬೇಕು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್: ಮಂಗಳವಾರ, ಗುರುವಾರ, ಶನಿವಾರ. ಪ್ರತಿ ಸಲ ನಾಲ್ಕು ತಾಸು. ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ, ಅಂದರೆ ಸೂಜಿ ಚುಚ್ಚಲು ಎರಡು ರಕ್ತನಾಳ ಸೇರಿಸಿ ಹೊಲಿದಿದ್ದಾರೆ. ಅದರ ಮೇಲೆ ಬೆರಳಿಟ್ಟರೆ ಗುಂಯ್ ಅಂತ ನಡುಗುತ್ತದೆ, ಪಕ್ಕದ ಕೋಣೆಯಲ್ಲಿ ಹೊಲಿಗೆ ಮಷಿನ್ ಓಡಿದ ಹಾಗೆ. ಆ ಕೈಯಿಂದ ಭಾರ ಎತ್ತುವ ಹಾಗಿಲ್ಲ. ಸೂಜಿಗೆ ರೂಢಿಯಾದೆ. ಕುರ್ಚಿಗೂ ರೂಢಿಯಾದೆ. ನೀರಡಿಕೆಗೆ ಮಾತ್ರ ಆಗಲಿಲ್ಲ.

ಶುರುವಿನಲ್ಲಿ ಮನೆಗೆ ಬಂದವರೆಲ್ಲ ಒಂದೊಂದು ಮಾತು ಹೇಳಿ ಹೋಗುತ್ತಿದ್ದರು. "ದೇವರು ಪ್ರೀತಿ ಮಾಡೋರನ್ನೇ ಪರೀಕ್ಷೆ ಮಾಡ್ತಾನ್ರೀ." "ಯೋಬನ್ನ ನೋಡ್ರಿ." ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ನರಳಿದ ಯೋಬನನ್ನು ನಾನು ನೋಡಿದ್ದೆ. ಅವನ ಮೂವರು ಗೆಳೆಯರು ಮೊದಲ ಏಳು ದಿನ ನೆಲದ ಮೇಲೆ ಸುಮ್ನೆ ಕೂತಿದ್ದರು. ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ದೇವರೇ ಅವರ ಮೇಲೆ ಸಿಟ್ಟಾದ. ಕೂಗಾಡಿದ ಯೋಬನೇ ಸರಿಯಾಗಿ ಮಾತಾಡಿದ ಅಂತ ಹೇಳಿದ. ಬಂದವರಿಗೆ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಚಹಾ ಕೊಟ್ಟು ಕಳಿಸುತ್ತಿದ್ದೆ. ಅವರು ಕುಡಿಯುವುದನ್ನು ನೋಡುತ್ತಿದ್ದೆ.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಬ್ಬರು ನನ್ನನ್ನು ಸ್ವಸ್ಥತೆಯ ಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದವರು, ನಂಬಿಕೆ ಪೂರ್ತಿ ಇದ್ದರೆ ಮಷಿನ್ ಯಾಕೆ ಅಂದರು. ನಾನು ಶನಿವಾರದ ಸರದಿ ತಪ್ಪಿಸಿದೆ. ಸೋಮವಾರ ರಾತ್ರಿ ಮಲಗಿದರೆ ಉಸಿರು ಸಿಗಲಿಲ್ಲ. ದಿಂಬಿಗೆ ಆತು ಕೂತೇ ಬೆಳಗು ಮಾಡಿದೆ, ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಮೇಲೆ ಯಾರು ಏನೇ ಹೇಳಿದರೂ ಸರದಿ ತಪ್ಪಿಸಿಲ್ಲ. ಊರೂರಿಗೆ ಸುವಾರ್ತೆ ಸಾರಿದ ಪೌಲನಂಥ ಪೌಲನೇ ಶರೀರದೊಳಗಿನ ಮುಳ್ಳು ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಅವನ ನಂಬಿಕೆ ಕಮ್ಮಿ ಇತ್ತು ಅಂತ ಇವರು ಹೇಳುತ್ತಾರಾ?

ಎರಡನೇ ವರ್ಷದ ಲೆಂಟಿನಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ನಮ್ಮ ಪಾಸ್ಟರ್ ಅಂಗಡಿಗೆ ಬಂದರು. ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರ ತನಕ ಆರಾಧನೆ ಇರುತ್ತದಲ್ಲ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಬಗ್ಗೆ ಏಳು ಜನ ಮಾತಾಡುತ್ತಾರೆ. "ಐದನೇದು ನೀವು ಮಾಡ್ರಿ" ಅಂದರು. ಐದನೇ ಮಾತು, "ನನಗೆ ನೀರಡಿಕೆಯಾಗಿದೆ." ಬೇಕಂತಲೇ ಕೊಟ್ಟರೋ, ಉಳಿದಿದ್ದು ಅದೊಂದೇ ಇತ್ತೋ, ನಾನು ಇವತ್ತಿಗೂ ಕೇಳಿಲ್ಲ.

ಏಳರಲ್ಲಿ ಇದೇ ಚಿಕ್ಕದು. ಗ್ರೀಕಿನಲ್ಲಿ ಒಂದೇ ಪದ. ಹತ್ತು ನಿಮಿಷ ಏನು ಹೇಳುವುದು? ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ಯೋಹಾನನ ಸುವಾರ್ತೆ ಮೊದಲಿನಿಂದ ಓದಿದೆ. ಬಲಗೈಯಲ್ಲಿ ಮೊಬೈಲ್ ಹಿಡಿದು, ದಿನಕ್ಕೆ ಎರಡು ಅಧ್ಯಾಯ. ಎರಡನೇ ಅಧ್ಯಾಯದಲ್ಲಿ ಮದುವೆ ಮನೆಯ ಬಾನಿಗಳ ನೀರು ದ್ರಾಕ್ಷಾರಸ ಆಗುತ್ತದೆ. ನಾಲ್ಕನೆಯದರಲ್ಲಿ ಯೇಸು ಮಧ್ಯಾಹ್ನದ ಬಿಸಿಲಲ್ಲಿ ಬಾವಿ ಹತ್ತಿರ ಕೂತು, ನೀರು ಸೇದಲು ಬಂದ ಸಮಾರ್ಯದ ಹೆಂಗಸಿಗೆ ಕುಡಿಯಲು ಕೊಡು ಅಂತ ಕೇಳುತ್ತಾನೆ. ನಾನು ಕೊಡುವ ನೀರು ಕುಡಿದವನಿಗೆ ಎಂದಿಗೂ ನೀರಡಿಕೆ ಆಗುವುದಿಲ್ಲ ಅಂತ ಅಲ್ಲೇ ಹೇಳುತ್ತಾನೆ. ಅದೇ ಮನುಷ್ಯ ಹತ್ತೊಂಬತ್ತನೇ ಅಧ್ಯಾಯದಲ್ಲಿ ನೀರಡಿಕೆ ಅನ್ನುತ್ತಾನೆ.

ಅಲ್ಲಿ ನಾನು ನಿಂತುಬಿಟ್ಟೆ. ಅವನು ನೀರಡಿಕೆಗೆ ಅರ್ಥ ಹೇಳಲಿಲ್ಲ. ಇದರಿಂದ ನಿಮಗೆ ಪಾಠ ಅನ್ನಲಿಲ್ಲ. ಆಗಿದೆ ಅಂದ, ಅಷ್ಟೇ. ಮತ್ತೆ ಯಾರ ಮುಂದೆ ಅಂದ? ಮೊಳೆ ಹೊಡೆದ ಸಿಪಾಯಿಗಳ ಮುಂದೆ. ಸ್ಪಂಜಿನಲ್ಲಿ ಹುಳಿರಸ ಅದ್ದಿ ಬಾಯಿಗೆ ಮುಟ್ಟಿಸಿದರೆ ಬೇಡ ಅನ್ನಲಿಲ್ಲ, ತಗೊಂಡ. ನಾನೋ, ಹೆಂಡತಿಗೂ ಹೇಳಿರಲಿಲ್ಲ. ಗಂಡಸು, ಮನೆ ಯಜಮಾನ, ನೀರಿಗೆ ಅಳೋದಾ ಅಂತ. ರಾತ್ರಿ ಎದ್ದು ಕಳ್ಳನ ಹಾಗೆ ನಲ್ಲಿ ಹತ್ತಿರ ಹೋಗಿ ಬಾಯಿ ಮುಕ್ಕಳಿಸುತ್ತಿದ್ದೆ. ಒಂದೊಂದು ಸಲ ನುಂಗುತ್ತಿದ್ದೆ.

ಅವತ್ತು ಮನೆಗೆ ಬಂದು ಅವಳಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಮರುದಿನ ಬಾಟಲಿಯ ಪಾಲಿನಲ್ಲೇ ಸ್ವಲ್ಪ ನೀರು ತೆಗೆದು, ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಬರ್ಫ ಮಾಡಿಸಿ ತಂದಳು. ಒಂದು ತುಂಡು ಬರ್ಫ ಬಾಯಲ್ಲಿ ಇಟ್ಟುಕೊಂಡರೆ ಅಷ್ಟೇ ನೀರಿಗಿಂತ ಜಾಸ್ತಿ ಹೊತ್ತು ಬರುತ್ತದೆ. ಸಾರಿಗೆ ಉಪ್ಪು ಅರ್ಧಕ್ಕೆ ಇಳಿಸಿದಳು. ಉಪ್ಪು ಇಳಿದರೆ ನೀರಡಿಕೆಯೂ ಇಳಿಯುತ್ತದೆ. ಡಾಕ್ಟರ್ ಇದನ್ನು ಮೊದಲೇ ಹೇಳಿದ್ದರು. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಶುಕ್ರವಾರ ಇಷ್ಟನ್ನೇ ಹೇಳಿದೆ, ನಲ್ಲಿ ಕಥೆ ಸಮೇತ. ಹತ್ತು ನಿಮಿಷ ಬೇಕಾಗಲಿಲ್ಲ, ಆರರಲ್ಲಿ ಮುಗಿಯಿತು.

ಅದೇ ಬೇಸಿಗೆ ಅಂಗಡಿ ಮುಂದೆ ಒಂದು ಮಣ್ಣಿನ ರಂಜಣಗಿ ಇಟ್ಟೆ, ದಾರಿಯಲ್ಲಿ ಹೋಗುವವರಿಗೆ. ಬೀದರಿನಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಬಹಮನಿ ಕಾಲದಲ್ಲಿ ನೌಬಾದಿನಲ್ಲಿ ನೆಲದಡಿ ಕರೇಜ್ ಅನ್ನುವ ಸುರಂಗ ತೋಡಿ ನೀರು ಹರಿಸಿದ ಊರಿದು. ನಾನಕ್ ಝೀರಾ ಗುರುದ್ವಾರದ ಝರಿಯಲ್ಲಿ ಇವತ್ತಿಗೂ ಜನ ಬೊಗಸೆಯೊಡ್ಡಿ ನೀರು ಕುಡಿಯುತ್ತಾರೆ. ಬಾಯಾರಿದವರಿಗೆ ಕೊಟ್ಟದ್ದು ನನಗೇ ಕೊಟ್ಟ ಹಾಗೆ ಅಂತ ಯೇಸು ಹೇಳಿದ್ದು ನೆನಪಿತ್ತು, ನಿಜ. ಆದರೆ ಮೊದಲ ವಾರ ನನಗೆ ಬಂದದ್ದು ಪುಣ್ಯದ ಯೋಚನೆಯಲ್ಲ, ಹೊಟ್ಟೆಕಿಚ್ಚು. ಒಬ್ಬ ಹಮಾಲಿ ತಲೆ ಎತ್ತಿ ಎರಡು ಚೊಂಬು ಗಟಗಟ ಇಳಿಸಿದ. ಅವನ ಗಂಟಲು ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಾ ಒಂದು ಜಂಪರಿನ ತೋಳು ಉಲ್ಟಾ ಹೊಲಿದೆ. ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಯಾವಾಗ ಬದಲಾಯಿತು ಅಂತ ಗೊತ್ತಿಲ್ಲ. ಈಗ ಬೆಳಿಗ್ಗೆ ಬಲಗೈಯಲ್ಲಿ ಸಣ್ಣ ಕೊಡದಿಂದ ನಾಲ್ಕು ಸಲ ತಂದು ನಾನೇ ತುಂಬುತ್ತೇನೆ. ಮಧ್ಯಾಹ್ನದೊಳಗೆ ಖಾಲಿಯಾದರೆ ಖುಷಿ. ಖಾಲಿ ಆಗದ ದಿನ ಏನೋ ಕಸಿವಿಸಿ. "ಏನ್ ಕಾಕಾ, ನೀವ್ ಕುಡಿಯಲ್ಲೇನು?" ಅಂತ ಸ್ಕೂಲ್ ಹುಡುಗರು ಕೇಳುತ್ತಾರೆ. ನನ್ನ ಬಾಟಲಿ ಮುಚ್ಚಳ ತೋರಿಸುತ್ತೇನೆ. ಅವರಿಗೆ ಅದೊಂದು ತಮಾಷೆ.

ಈ ಸಲದ ಈಸ್ಟರ್ ಆರಾಧನೆ ಮುಗಿದ ಮೇಲೆ ಒಬ್ಬರ ಮನೆಯಲ್ಲಿ ಕಲ್ಲಂಗಡಿ ಹೆಚ್ಚಿಟ್ಟಿದ್ದರು. ಹೆಂಡತಿ ಒಳಗೆ ಹೆಂಗಸರ ಜೊತೆ ಇದ್ದಳು. ಒಂದು ಹೋಳು ತಿಂದೆ. ಆಮೇಲೆ ಇನ್ನೆರಡು. ಶನಿವಾರದಿಂದ ಮಂಗಳವಾರದ ತನಕ ಅಂತರ ಉದ್ದ, ಆವಾಗಲೇ ಹುಷಾರಾಗಿರಬೇಕು, ಗೊತ್ತಿದ್ದೂ ತಿಂದೆ. ಮಂಗಳವಾರ ತೂಕದ ಮಷಿನ್ ಮೇಲೆ ನಿಂತರೆ ಮೂರೂವರೆ ಕಿಲೋ ಜಾಸ್ತಿ. ಸಿಸ್ಟರ್ ನನ್ನ ಮುಖ ನೋಡಿದರು.

"ಏನ್ ತಿಂದ್ರಿ ಕಾಕಾ?"

"ಹಬ್ಬ ಇತ್ತಲ್ಲ ತಂಗಿ" ಅಂದೆ.

"ಕಲ್ಲಂಗಡಿ" ಅಂದಳು ಹಿಂದೆ ನಿಂತಿದ್ದ ನನ್ನ ಹೆಂಡತಿ. ಅವಳು ಅವತ್ತು ಒಳಗಿನಿಂದ ನೋಡಿದ್ದಳಂತೆ.